ಕರಿಮರವನ್ನು ಬಳಸುವವರೇ ಬೆಳೆಸಬೇಕು

ಒಳ್ಳೆಯ ಪಿಟೀಲಿನಲ್ಲಿ ತಂತಿಗಳ ಕೆಳಗೆ, ವಾದಕರ ಎಡಗೈ ಬೆರಳುಗಳು ಜಾರುವ ಜಾಗದಲ್ಲಿ, ಒಂದು ಕಪ್ಪು ಪಟ್ಟಿ ಇರುತ್ತದೆ. ಗಿಟಾರಿನ ಕತ್ತಿನ ಮೇಲೂ ಅದನ್ನು ಕಾಣಬಹುದು. ಹಳೆಯ ಪಿಯಾನೊಗಳ ಕರಿ ಮನೆಗಳೂ ಅದೇ ಮರದವು. ಇಂಗ್ಲಿಷಿನಲ್ಲಿ ಎಬೊನಿ ಎನ್ನುವ ಇದಕ್ಕೆ ಕನ್ನಡದಲ್ಲಿ ಕರಿಮರ ಎಂಬ ಹೆಸರಿದೆ. ನೀರಿಗೆ ಹಾಕಿದರೆ ಮುಳುಗುವಷ್ಟು ಭಾರ, ವರ್ಷಗಟ್ಟಲೆ ಬೆರಳು ಉಜ್ಜಿದರೂ ಬೇಗ ಸವೆಯದಷ್ಟು ಗಟ್ಟಿ. ವಾದ್ಯ ತಯಾರಕರು ಇಂದು ಬಳಸುವ ಕರಿಮರದಲ್ಲಿ ಮುಖ್ಯವಾದುದು ಮಧ್ಯ ಆಫ್ರಿಕಾದ ಮಳೆಕಾಡುಗಳಿಂದ, ಅದರಲ್ಲೂ ಕ್ಯಾಮರೂನ್ ದೇಶದಿಂದ ಬರುತ್ತದೆ. ಸಸ್ಯಶಾಸ್ತ್ರದಲ್ಲಿ ಇದು ಡಯೋಸ್ಪೈರೋಸ್ ಕ್ರಾಸಿಫ್ಲೋರಾ. ನಮ್ಮ ಬೀಡಿ ಎಲೆಯ ಮರವೂ ಇದೇ ಡಯೋಸ್ಪೈರೋಸ್ ಕುಲಕ್ಕೆ ಸೇರಿದ್ದು. ಅಳಿವಿನ ಅಂಚಿಗೆ ಸರಿಯುತ್ತಿರುವ ಇಂಥ ಮರಗಳ ಬಗ್ಗೆ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ: ಕಡಿಯುವುದನ್ನು ನಿಷೇಧಿಸಿ, ಇಲ್ಲವೇ ಸಸಿ ನೆಡಿ. ಕ್ಯಾಮರೂನಿನ ಕಳೆದ ಹದಿನೈದು ವರ್ಷಗಳ ಅನುಭವವನ್ನು ನೋಡಿದರೆ ಈ ಎರಡೂ ಮಾತು ಅರ್ಧಕ್ಕೇ ನಿಲ್ಲುತ್ತವೆ. ಮರವನ್ನು ಬಳಸುವವರು ಅದನ್ನು ಬೆಳೆಸುವ ಹೊಣೆಯನ್ನೂ ಹೊತ್ತಾಗ ಮಾತ್ರ ಮರ ಉಳಿದೀತು. ಬೆಳೆಸುವುದು ಎಂಬ ಮಾತಿನೊಳಗೆ ರೈತನ ಹಕ್ಕು, ಕೊಳ್ಳುವವನ ಅಭಿರುಚಿ, ಕಾಡಿನ ಆನೆ ಮೂರೂ ಸೇರಿವೆ.

ಮೊದಲು ಅಭಿರುಚಿಯ ಮಾತು. ಕರಿಮರ ಪೂರ್ತಿ ಕಪ್ಪಾಗಿರುವುದಿಲ್ಲ. ಹೊರಗಿನ ಪದರ ಬಿಳಿಚು, ಒಳಗಿನ ಚೇಗು ಮಾತ್ರ ಕಪ್ಪು. ಆ ಚೇಗಿನಲ್ಲೂ ಬಹುಪಾಲು ಮರಗಳಲ್ಲಿ ಕಂದು, ಬೂದು, ಕೆನೆ ಬಣ್ಣದ ಗೆರೆಗಳು ಹರಡಿರುತ್ತವೆ. ಯಾವ ಮರದ ಒಳಗೆ ಗೆರೆ ಇದೆ, ಯಾವುದರಲ್ಲಿ ಇಲ್ಲ ಎಂಬುದು ಕೊಡಲಿ ಬೀಳುವ ತನಕ ಯಾರಿಗೂ ತಿಳಿಯದು. ಆದರೆ ಪೇಟೆಗೆ ಬೇಕಿದ್ದುದು ಇದ್ದಿಲಿನಂತೆ ಅಚ್ಚ ಕಪ್ಪು ಮಾತ್ರ. ಅಮೆರಿಕದ ಗಿಟಾರ್ ತಯಾರಕ ಬಾಬ್ ಟೇಲರ್ ಅವರ ಕಂಪನಿ ಸ್ಪೇನಿನ ಮ್ಯಾಡಿಂಟರ್ ಎಂಬ ಕಂಪನಿಯ ಜೊತೆ ಸೇರಿ 2011ರಲ್ಲಿ ಕ್ಯಾಮರೂನಿನ ರಾಜಧಾನಿ ಯವೊಂಡೆಯಲ್ಲಿ ಕ್ರೆಲಿಕಾಮ್ ಎಂಬ ಕರಿಮರದ ಮಿಲ್ಲನ್ನು ಕೊಂಡಿತು. ಆಗ ಅವರಿಗೆ ತಿಳಿದ ಸಂಗತಿ ಎದೆ ನಡುಗಿಸುವಂಥದ್ದು: ಹತ್ತು ಮರ ಉರುಳಿಸಿದರೆ ಒಂದು ಅಚ್ಚ ಕಪ್ಪಾಗಿರುತ್ತದೆ, ಗೆರೆಯಿರುವ ಉಳಿದ ಒಂಬತ್ತಕ್ಕೆ ಬೆಲೆ ಸಿಗದ ಕಾರಣ ಕಡಿದವರು ಅವನ್ನು ಕಾಡಿನಲ್ಲೇ ಕೊಳೆಯಲು ಬಿಡುತ್ತಾರೆ. ಗೆರೆಯಿದ್ದ ಮಾತ್ರಕ್ಕೆ ಮರದ ಗಟ್ಟಿತನವಾಗಲಿ ನಾದವಾಗಲಿ ಕೆಡುವುದಿಲ್ಲ. ಕಂಪನಿ ಗೆರೆ ಮರವನ್ನೂ ಕೊಳ್ಳತೊಡಗಿತು, ತನ್ನ ದುಬಾರಿ ಗಿಟಾರುಗಳಿಗೂ ಅದನ್ನೇ ಹಾಕಿತು. ಒಂದು ಸಸಿಯನ್ನೂ ನೆಡುವ ಮೊದಲೇ, ಕೊಳ್ಳುವವರ ಕಣ್ಣಿನ ಹಟ ಸಡಿಲವಾದ ಮಾತ್ರಕ್ಕೆ, ಕಡಿದ ಒಂದೊಂದು ಮರದ ಬೆಲೆ ಏರಿತು. ಕಾಡಿನ ನಾಶಕ್ಕೆ ಬಡವರ ಕೊಡಲಿಯನ್ನು ದೂರುವುದು ಸುಲಭ. ಇಲ್ಲಿ ಆ ಕೊಡಲಿಯನ್ನು ಮತ್ತೆ ಮತ್ತೆ ಎತ್ತಿಸಿದ್ದು ಸಾವಿರಾರು ಮೈಲಿ ದೂರದ ಗಿರಾಕಿಯ ಬಣ್ಣದ ಮೋಹ.

ಬಳಕೆ ಹಿತಮಿತವಾದರೂ ಕಡಿದದ್ದು ಮರಳಿ ಬೆಳೆಯಬೇಕಲ್ಲ? ಕರಿಮರ ಬಲು ನಿಧಾನಿ. ಮಾರುವ ದಪ್ಪಕ್ಕೆ ಬರಲು ಎರಡು ಮೂರು ತಲೆಮಾರುಗಳೇ ಬೇಕು. ಇಂದು ನೆಟ್ಟವನು ತನ್ನ ಮರದ ದುಡ್ಡು ನೋಡುವುದಿಲ್ಲ, ಅವನ ಮಗನೂ ನೋಡದೆ ಇರಬಹುದು. ಹೀಗಿರುವಾಗ ರೈತ ಯಾಕೆ ನೆಡಬೇಕು? ಈ ಪ್ರಶ್ನೆಗೆ 2016ರಲ್ಲಿ ಶುರುವಾದ ಎಬೊನಿ ಯೋಜನೆ ಕೊಟ್ಟ ಉತ್ತರ ನಮ್ಮ ತೋಟಗಾರರಿಗೆ ತಕ್ಷಣ ಅರ್ಥವಾಗುವಂಥದ್ದು. ಟೇಲರ್ ಕಂಪನಿಯ ಹಣ, ಕಾಂಗೊ ಬೇಸಿನ್ ಇನ್‌ಸ್ಟಿಟ್ಯೂಟ್‌ನ ವಿಜ್ಞಾನ, ಹಳ್ಳಿಗರ ದುಡಿಮೆ ಇವು ಸೇರಿ ನಡೆಯುವ ಈ ಯೋಜನೆಯಲ್ಲಿ ಊರಿನವರೇ ನರ್ಸರಿ ನಡೆಸುತ್ತಾರೆ. ಕರಿಮರದ ಸಸಿಯ ಜೊತೆಗೆ ಬೆಣ್ಣೆಹಣ್ಣು, ಮಾವು, ಕ್ಯಾಮರೂನಿನ ಜನ ಬೇಯಿಸಿ ತಿನ್ನುವ ಸಾಫು ಹಣ್ಣು ಮುಂತಾದ ಗಿಡಗಳನ್ನೂ ಕೊಡಲಾಗುತ್ತದೆ. ಹಣ್ಣಿನ ಗಿಡ ಕೆಲವೇ ವರ್ಷಗಳಲ್ಲಿ ಮನೆಗೆ ಆಹಾರ, ಸಂತೆಗೆ ಸರಕು ಒದಗಿಸುತ್ತದೆ. ಅದರ ಪಕ್ಕದಲ್ಲಿ ಕರಿಮರ ತನ್ನ ಪಾಡಿಗೆ ತಾನು ಬೆಳೆಯುತ್ತದೆ. ಮೊದಲ ಹಂತಕ್ಕೆ ಇಟ್ಟುಕೊಂಡಿದ್ದ 15,000 ಕರಿಮರಗಳ ಗುರಿ ದಾಟಿ ಕೆಲಸ ಮುಂದುವರಿದಿದೆ. ಅಡಿಕೆಯ ನಡುವೆ ಬಾಳೆ, ಮೆಣಸು ಇಟ್ಟು, ಬೇಲಿಯಂಚಿನಲ್ಲಿ ಹಲಸು ನೆಡುವ ಮಲೆನಾಡಿನ ರೈತನ ಲೆಕ್ಕಾಚಾರವೇ ಇದು: ಇವತ್ತಿನ ಊಟಕ್ಕೆ ಒಂದು, ಮೊಮ್ಮಕ್ಕಳ ಕಾಲಕ್ಕೆ ಒಂದು.

ಆದರೂ ನರ್ಸರಿ ಎಷ್ಟೇ ದೊಡ್ಡದಾದರೂ ಕಾಡಿನ ಕೆಲಸವನ್ನು ಪೂರ್ತಿ ಮಾಡಲಾರದು. ಇದೇ ಯೋಜನೆಯ ಬೆನ್ನಿಗೆ ನಡೆದ ಸಂಶೋಧನೆ ಇದನ್ನು ತೋರಿಸಿಕೊಟ್ಟಿತು. ಕರಿಮರದ ಹಣ್ಣನ್ನು ಕಾಡಾನೆ ತಿನ್ನುತ್ತದೆ, ಬೀಜವನ್ನು ಹೊಟ್ಟೆಯಲ್ಲಿ ಹೊತ್ತು ದೂರ ನಡೆಯುತ್ತದೆ, ಲದ್ದಿಯ ಜೊತೆ ನೆಲಕ್ಕೆ ಬಿಡುತ್ತದೆ. ಲದ್ದಿಯೊಳಗಿನ ಬೀಜವನ್ನು ಇಲಿ ಹೆಗ್ಗಣಗಳು ಸುಲಭವಾಗಿ ತಿನ್ನಲಾರವು. ಆನೆ ಇಲ್ಲದ ಕಾಡಿನಲ್ಲಿ ಹಣ್ಣು ತಾಯಿಮರದ ಬುಡದಲ್ಲೇ ಉದುರುತ್ತದೆ. ದಂಶಕಗಳು ಬೀಜವನ್ನು ಮುಗಿಸುತ್ತವೆ, ಮೊಳೆತ ಕೆಲವೂ ಹತ್ತಿರದ ಬಂಧುಗಳ ನಡುವೆಯೇ ಬೆಳೆದು ತಳಿ ಬಡವಾಗುತ್ತದೆ. 2025ರಲ್ಲಿ ಸೈನ್ಸ್ ಅಡ್ವಾನ್ಸಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಆನೆಗಳು ಅಳಿದ ಕಾಡುಗಳಲ್ಲಿ ಕರಿಮರದ ಎಳೆ ಸಸಿಗಳು ಸುಮಾರು ಶೇಕಡಾ 68ರಷ್ಟು ಕಡಿಮೆ. ಆಫ್ರಿಕಾದ ಕಾಡಾನೆಯ ಸಂಖ್ಯೆ ಮೂರು ದಶಕಗಳಲ್ಲಿ ಶೇಕಡಾ 86ಕ್ಕಿಂತ ಹೆಚ್ಚು ಕುಸಿದಿದೆ ಎಂದು 2021ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಅದನ್ನು ತೀವ್ರ ಅಪಾಯದ ಪಟ್ಟಿಗೆ ಸೇರಿಸಿತು. ಅದಕ್ಕೆ ಮುಖ್ಯ ಕಾರಣ ದಂತದ ಬೇಟೆ. ಹಳೆಯ ಪಿಯಾನೊದ ಬಿಳಿ ಮನೆ ಆನೆದಂತದ್ದು, ಕರಿ ಮನೆ ಕರಿಮರದ್ದು. ಒಂದಕ್ಕಾಗಿ ಕೊಂದ ಪ್ರಾಣಿಯೇ ಇನ್ನೊಂದರ ಬೀಜ ಬಿತ್ತುತ್ತಿತ್ತು ಎಂಬುದು ಇಷ್ಟು ತಡವಾಗಿ ಲೆಕ್ಕಕ್ಕೆ ಸಿಕ್ಕಿದೆ. ಹಾಗಾಗಿ ಕರಿಮರ ಬೇಕೆನ್ನುವ ಉದ್ಯಮ ನರ್ಸರಿಗೆ ಹಣ ಕೊಟ್ಟು ಕೈ ತೊಳೆದುಕೊಳ್ಳುವಂತಿಲ್ಲ. ಆನೆ ಕಾಯುವ ಖರ್ಚಿನಲ್ಲೂ ಅದರ ಪಾಲಿದೆ. ದೇಶದಲ್ಲೇ ಅತಿ ಹೆಚ್ಚು ಆನೆಗಳಿರುವ ಕರ್ನಾಟಕದಲ್ಲಿ ಆನೆಯೆಂದರೆ ಬೆಳೆ ತುಳಿಯುವ ತೊಂದರೆ ಎಂಬ ಮಾತಷ್ಟೇ ಜೋರಾಗಿ ಕೇಳುತ್ತದೆ. ಅದು ಕಾಡು ಬಿತ್ತುವ ಪ್ರಾಣಿಯೂ ಹೌದು ಎಂಬ ತಿಳಿವಳಿಕೆ ನಮಗೂ ಬೇಕಾದದ್ದೇ.

ಇಷ್ಟೆಲ್ಲ ಯಾಕೆ, ಕರಿಮರದ ವ್ಯಾಪಾರವನ್ನೇ ಪೂರ್ತಿ ನಿಲ್ಲಿಸಿಬಿಡಬಾರದೇಕೆ ಎಂದು ಕೇಳುವವರಿದ್ದಾರೆ. ಅವರ ಕಾಳಜಿ ನಿಜವಾದದ್ದು, ಕೆಲವು ಕಡೆ ನಿಷೇಧ ಬೇಕೇಬೇಕು. ಆದರೆ ಮಡಗಾಸ್ಕರ್ ಕಲಿಸಿದ ಪಾಠವನ್ನು ಮರೆಯುವಂತಿಲ್ಲ. ಅಲ್ಲಿ ಬೀಟೆ ಮತ್ತು ಕರಿಮರದ ರಫ್ತಿಗೆ ಪದೇಪದೇ ತಡೆ ಬಿದ್ದಿತ್ತು. 2009ರಲ್ಲಿ ಸರ್ಕಾರ ಉರುಳಿ ಆಡಳಿತ ಕುಸಿದಾಗ ಮಾಸೊವಾಲಾ, ಮರೊಜೆಜಿಯಂಥ ರಾಷ್ಟ್ರೀಯ ಉದ್ಯಾನಗಳಿಗೇ ಮರಗಳ್ಳರು ನುಗ್ಗಿದರು. 2013ರಲ್ಲಿ ಅಲ್ಲಿನ ಬೀಟೆ, ಕರಿಮರಗಳು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿದವು. ಮರುವರ್ಷವೇ ಸಿಂಗಪುರದಲ್ಲಿ ಮಡಗಾಸ್ಕರ್ ಬೀಟೆಯ ಸುಮಾರು 30,000 ದಿಮ್ಮಿಗಳು ಸಿಕ್ಕಿಬಿದ್ದವು. ಕಾಯುವವರು ದುರ್ಬಲರಾಗಿ, ಪಕ್ಕದ ಹಳ್ಳಿಗೆ ಮರದಿಂದ ಬಿಡಿಗಾಸೂ ಬಾರದಿದ್ದರೆ ಕಾಗದದ ಮೇಲಿನ ನಿಷೇಧ ಕಳ್ಳರಿಗೆ ಬೆಲೆ ಏರಿಸಿಕೊಡುತ್ತದೆ. ತನ್ನದೆಂದು ಮರ ಕಾಯುವ ಒಬ್ಬ ಮಾಲೀಕನಿದ್ದರೆ ಕಾನೂನಿಗೂ ಬಲ ಬರುತ್ತದೆ.

ಆ ಮಾಲೀಕತ್ವದ ಮಾತು ಕನ್ನಡಿಗರಿಗೆ ಹೊಸದಲ್ಲ. ಶ್ರೀಗಂಧವನ್ನು ಟಿಪ್ಪು ಸುಲ್ತಾನ್ ರಾಜವೃಕ್ಷವೆಂದು ಸಾರಿದ ಕಾಲದಿಂದ ಅದು ಆಳುವವರ ಸ್ವತ್ತಾಗಿಯೇ ಉಳಿಯಿತು. ತನ್ನ ಹೊಲದಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡ ರೈತನಿಗೆ ಆಸ್ತಿಯಾಗಲಿಲ್ಲ, ಅಂಜಿಕೆಯಾಯಿತು. ಕಳವಾದರೆ ವಿಚಾರಣೆ, ಕಡಿದರೆ ಶಿಕ್ಷೆ. ಇಂಥ ಗಿಡವನ್ನು ಯಾರು ನೀರೆರೆದು ಸಾಕುತ್ತಾರೆ? 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು, ಜಮೀನಿನ ಒಡೆಯನೇ ಅಲ್ಲಿನ ಶ್ರೀಗಂಧದ ಒಡೆಯ ಎಂದು ಒಪ್ಪಿಕೊಂಡ ಮೇಲೆ ರೈತರು ಅದನ್ನು ಬೆಳೆಯಾಗಿ ನೆಡಲು ಮುಂದೆ ಬಂದರು. ಕಳ್ಳತನದ ಭಯ, ಕಚೇರಿ ಅಲೆದಾಟ ಇನ್ನೂ ತಪ್ಪಿಲ್ಲ ನಿಜ, ಆದರೆ ಗಿಡ ನೆಡುವ ಮನಸ್ಸು ಹುಟ್ಟಿದ್ದು ಹಕ್ಕು ಬಂದ ಮೇಲೆ. ಕ್ಯಾಮರೂನಿನಲ್ಲೂ ಕಾಡಿನ ಮರ ಸರ್ಕಾರದ್ದು. ಹಳ್ಳಿಗರಲ್ಲಿ ಬಹಳಷ್ಟು ಮಂದಿಯ ಬಳಿ ಭೂಮಿಯ ಪತ್ರವಿಲ್ಲ. ನೂರು ವರ್ಷದ ಬೆಳೆಗೆ ಕೈ ಹಾಕುವವನಿಗೆ, ಈ ಮರ ನಾನು ನೆಟ್ಟದ್ದು, ನನ್ನ ವಂಶದ್ದು ಎಂದು ಹೇಳಲು ಒಂದು ದಾಖಲೆ ಬೇಕು. ಸಸಿ ಹಂಚುವ ಯಾವುದೇ ಯೋಜನೆ ಆ ದಾಖಲೆಯನ್ನೂ ಕೈಗಿಡದಿದ್ದರೆ ಅದು ಮೊಮ್ಮಗನ ಕಾಲದಲ್ಲಿ ಜಗಳ ನೆಟ್ಟಂತೆ.

ಇನ್ನೊಂದು ಆಕ್ಷೇಪ: ಇದೆಲ್ಲ ಒಂದು ಗಿಟಾರ್ ಕಂಪನಿಯ ಪ್ರಚಾರ, ಕಾಂಗೊ ಜಲಾನಯನದ ಅಗಾಧ ಕಾಡಿನ ಮುಂದೆ ಕೆಲವು ಸಾವಿರ ಸಸಿ ಯಾವ ಲೆಕ್ಕ? ಕಂಪನಿಗೆ ಇದರಿಂದ ಹೆಸರು ಬಂದಿದೆ, ಅಮೆರಿಕ ಸರ್ಕಾರದ ಪ್ರಶಸ್ತಿಯೂ ಬಂದಿದೆ. ಅದರಲ್ಲಿ ಅದರ ಸ್ವಾರ್ಥವಿದೆ ಎಂಬುದೂ ಸರಿ. ಮರ ಮುಗಿದರೆ ವ್ಯಾಪಾರವೂ ಮುಗಿಯುತ್ತದೆ. ಆದರೆ ಆ ಸ್ವಾರ್ಥ ಕಾಡಿನ ಹಿತದ ದಿಕ್ಕಿಗೇ ನಡೆದರೆ ನಾವು ಅದನ್ನು ತಡೆಯಬೇಕಿಲ್ಲ, ಲೆಕ್ಕ ಕೇಳಬೇಕು: ಎಷ್ಟು ಕಡಿದಿರಿ, ಎಷ್ಟು ನೆಟ್ಟಿರಿ, ಎಷ್ಟು ಬದುಕಿದೆ, ಹಳ್ಳಿಗೆ ಎಷ್ಟು ಸಿಕ್ಕಿತು. ಸಂಖ್ಯೆ ಸಣ್ಣದೆಂಬುದೂ ನಿಜ. ಅದಕ್ಕೆ ಉತ್ತರ, ಕರಿಮರ ಬಳಸುವ ಉಳಿದ ಕಂಪನಿಗಳೂ ಇದೇ ಹೊಣೆ ಹೊರುವುದು. ಕರಿಮರದ ಬದಲು ಕೃತಕ ವಸ್ತು ಬಳಸಿ ಎನ್ನುವವರ ಮಾತನ್ನೂ ತಳ್ಳಿಹಾಕಬೇಕಿಲ್ಲ. ಕಾಗದ, ರಾಳದಿಂದ ಒತ್ತಿ ಮಾಡಿದ ಹಲಗೆಗಳು ಈಗಾಗಲೇ ವಾದ್ಯಗಳಲ್ಲಿವೆ, ಕಾಡಿನ ಮೇಲಿನ ಒತ್ತಡವನ್ನು ಅವು ಇಳಿಸುತ್ತವೆ. ಆದರೆ ಯಾರೂ ಕೊಳ್ಳದ ಮರವನ್ನು ಬಡ ದೇಶದ ರೈತ ನೂರು ವರ್ಷ ಕಾಯುತ್ತಾನೆಂದು ನಂಬುವುದು ಕಷ್ಟ. ಅದು ನಿಂತಿರುವ ಜಾಗದಲ್ಲಿ ಕೋಕೋ, ತಾಳೆ ಬಂದು ನಿಲ್ಲುತ್ತವೆ.

ನಮ್ಮಲ್ಲಿ ಪಿಟೀಲು, ಗಿಟಾರ್ ಕಲಿಯುವ ಮಕ್ಕಳಿದ್ದಾರೆ, ಕಲಿಸುವ ಗುರುಗಳಿದ್ದಾರೆ, ವಾದ್ಯದ ಅಂಗಡಿಗಳಿವೆ. ಕ್ಯಾಮರೂನಿನ ಕಾನೂನನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಮುಂದಿನ ಸಲ ವಾದ್ಯ ಕೊಳ್ಳುವಾಗ ಕಪ್ಪು ಪಟ್ಟಿಯ ಮೇಲೆ ಕಂದು ಗೆರೆ ಕಂಡರೆ ದಯವಿಟ್ಟು ಅದನ್ನು ದೋಷವೆಂದು ಪಕ್ಕಕ್ಕಿಡಬೇಡಿ. ಮರ ಎಲ್ಲಿಂದ ಬಂತು, ನೆಟ್ಟವರು ಯಾರು ಎಂದು ಅಂಗಡಿಯವರನ್ನು ಕೇಳಿ. ಉತ್ತರ ಸಿಗದಿದ್ದರೂ ಕೇಳಿ. ಗಿರಾಕಿಗಳು ಕೇಳುತ್ತಾ ಹೋದರೆ ಮಾರುವವರು ಉತ್ತರ ಹುಡುಕಲೇಬೇಕಾಗುತ್ತದೆ. ನೂರು ವರ್ಷ ಬೆಳೆದ ಮರವನ್ನು ಅದು ಇರುವ ಬಣ್ಣದಲ್ಲೇ ಒಪ್ಪಿಕೊಳ್ಳೋಣ.