ಆ ಹಳೇ ಕಾದಂಬರಿ ಮತ್ತೊಮ್ಮೆ ಓದಿ

ಮದುವೆಗೆ ಮುಂಚೆ ಊಟ-ತಿಂಡಿ ಮರೆತು ಓದಿದ ಕಾದಂಬರಿ ನಿಮಗೂ ಒಂದು ಇರಬೇಕಲ್ವಾ? ಮಂಗಳೂರಿನ ಎಷ್ಟೋ ಗೃಹಿಣಿಯರಿಗೆ ಅದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ ಪುಸ್ತಕ. ಕಾಲೇಜಿನಲ್ಲಿ ಪಠ್ಯವಾಗಿ ಓದಿದವರಿದ್ದೀರಿ, ಬಲ್ಮಠದ ಅತ್ರಿ ಬುಕ್ ಸೆಂಟರಿನಲ್ಲಿ ಕೊಂಡವರಿದ್ದೀರಿ. ಆ ಅಂಗಡಿ 2012ರಲ್ಲಿ ಮುಚ್ಚಿತು, ಪುಸ್ತಕ ಮಾತ್ರ ಈಗಲೂ ಸಿಗುತ್ತದೆ. ಅದನ್ನು ಇನ್ನೊಮ್ಮೆ ಓದಿ ಅಂತೀನಿ ನಾನು.

‘ಗೊತ್ತಿರೋ ಕಥೇನ ಮತ್ತೆ ಯಾಕೆ ಓದ್ಬೇಕು?’ ಅನ್ನಬಹುದು. ಕಥೆ ಅದೇ ಗೆಳತಿಯರೇ, ಓದುವ ನೀವು ಮಾತ್ರ ಬೇರೆ.

ಹದಿನೇಳರ ವಯಸ್ಸಿನಲ್ಲಿ ನಮಗೆಲ್ಲ ಬೇಕಾಗಿದ್ದದ್ದು ಆ ಹಾರುವ ಓತಿ. ಚಾರ್ಮಾಡಿಯಾಚೆ ಮೂಡಿಗೆರೆ ಸೀಮೆಯ ಕಾಡು, ಯುಗಗಳ ಹಿಂದಿನದ್ದು ಅನ್ನಿಸುವ ಒಂದು ಜೀವಿ, ಅದರ ಬೆನ್ನು ಹತ್ತಿದ ವಿಜ್ಞಾನಿ. ಅಂಥ ಓತಿಗಳು ನಮ್ಮ ಜಿಲ್ಲೆಯ ಅಡಿಕೆ ತೋಟಗಳಲ್ಲೇ ಮರದಿಂದ ಮರಕ್ಕೆ ತೇಲುತ್ತವೆ. ಆದರೂ ಮಾಯಾಲೋಕದ ಕಥೆಯ ಹಾಗೆ ಓದಿಸಿಕೊಂಡು ಹೋಗಿತ್ತು. ಮಂದಣ್ಣನ ಮದುವೆ, ಪೊಲೀಸು, ಕೋರ್ಟಿನ ಪುಟಗಳನ್ನು ಬೇಗ ಬೇಗ ಮಗುಚಿದವರೇ ಹೆಚ್ಚು.

ಈಗ ಓದಿ ನೋಡಿ. ಮಂದಣ್ಣನ ಪುಟಗಳೇ ನಿಮ್ಮನ್ನು ಹಿಡಿದು ಕೂರಿಸುತ್ತವೆ. ಊರವರ ಕಣ್ಣಿಗೆ ಅವನು ಉಂಡಾಡಿ. ಕರ್ವಾಲೊ ಮಾತ್ರ ಅವನಲ್ಲಿ ಹುಟ್ಟಾ ಜೀವವಿಜ್ಞಾನಿಯನ್ನು ಕಾಣುತ್ತಾರೆ. ಪಿಯುಸಿಯಲ್ಲಿ ಮಾರ್ಕ್ಸ್ ಕಮ್ಮಿಯಾಯ್ತು ಅಂತ ಮಗನಿಗೆ ಬೈದ ಅಮ್ಮನಿಗೆ ಇದನ್ನು ಓದುವಾಗ ಚುರುಕ್ ಅನ್ನದೇ ಇರುತ್ತಾ?

ಇನ್ನೊಂದು ವಿಷಯ. ಓತಿ ಹುಡುಕಲು ಹೊರಟ ತಂಡದಲ್ಲಿ ಒಬ್ಬ ಹೆಂಗಸೂ ಇಲ್ಲ. ನಾಯಿ ಕಿವಿಗೂ ಅಲ್ಲಿ ಜಾಗವಿದೆ! ಆಗ ಇದು ಗಮನಕ್ಕೇ ಬರಲಿಲ್ಲ, ಯಾಕೆ ಗೊತ್ತಾ? ಓದುತ್ತಾ ನೀವೂ ಅವರ ಜತೆ ಕಾಡಿನಲ್ಲಿ ನಡೀತಾ ಇದ್ರಿ. ಈಗ ಓದಿದರೆ, ಆ ಹೊತ್ತಿಗೆ ಮಂದಣ್ಣನ ಹೆಂಡತಿ ರಾಮಿ ಮನೇಲಿ ಏನು ಮಾಡ್ತಿದ್ಳೋ ಅನ್ನಿಸುತ್ತೆ. ಆ ಪ್ರಶ್ನೆ ಬರಬೇಕಾದ್ದೇ. ಆದರೆ ಅಂದು ಕಾಡಿಗೆ ಹೊರಟಿದ್ದ ಹುಡುಗಿಯನ್ನೂ ಕೈಬಿಡಬೇಡಿ. ಅವಳು ನಿಮ್ಮೊಳಗೇ ಇದ್ದಾಳೆ, ಮನೆಗೆಲಸದ ಗಡಿಬಿಡಿಯಲ್ಲಿ ಯಾರೂ ಮಾತಾಡಿಸಿಲ್ಲ ಅಷ್ಟೆ.

ಹೇಗೆ ಶುರು ಮಾಡೋದು? ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅರ್ಧ ಗಂಟೆ ಸಾಕು. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ನಿಮ್ಮ ಇಷ್ಟದ ಪುಸ್ತಕ ಬೇರೆಯದಾದರೆ ಅದನ್ನೇ ಓದಿ. ಎಲ್ಲ ಪುಸ್ತಕವೂ ಎರಡನೇ ಓದಿಗೆ ನಿಲ್ಲೋದಿಲ್ಲ. ಬೇಜಾರಾದರೆ ಮುಚ್ಚಿಡಿ, ಆಗ ಪಟ್ಟ ಖುಷಿಯೇನೂ ಸುಳ್ಳಾಗಲ್ಲ. ‘ನೀನೂ ಓದು’ ಅಂತ ಮಕ್ಕಳ ಬೆನ್ನು ಹತ್ತಬೇಡಿ. ಅಮ್ಮ ಓದುತ್ತಾ ಕೂತದ್ದನ್ನು ಅವರು ಕಂಡರೆ ಸಾಕು.

ಇಡೀ ದಿನದಲ್ಲಿ ಇದೊಂದು ಕೆಲಸ ಮನೆಯವರಿಗಲ್ಲ, ನಿಮಗೆ. ಮುಂದಿನ ಸಲ ತವರಿಗೆ ಹೋದಾಗ ಹಲಸಿನ ಹಪ್ಪಳದ ಜತೆ ಅಟ್ಟದ ಮೇಲಿರುವ ಆ ಪುಸ್ತಕವನ್ನೂ ಚೀಲಕ್ಕೆ ಹಾಕಿಕೊಂಡು ಬನ್ನಿ.