ನಾಯಿಗೂ ಮನೆತನ ನೋಡಬೇಕು

ಈಚೀಚೆಗೆ ನಮ್ಮ ಕಡೆಯ ಸದ್ಗೃಹಸ್ಥರಲ್ಲಿ ಒಂದು ಹೊಸ ಬಗೆಯ ಸಿಟ್ಟು ಕಾಣಿಸಿಕೊಂಡಿದೆ. ಹಾದಿಯಲ್ಲಿ ಗಾಯಗೊಂಡು ಬಿದ್ದ ನಾಯಿಗಳನ್ನು ಎತ್ತಿ ತಂದು, ಔಷಧೋಪಚಾರ ಮಾಡಿ, ಲಸಿಕೆ ಹಾಕಿಸಿ, ಸಾಕುವವರಿಗೆ ಒಪ್ಪಿಸುವ ತರುಣರ ಗುಂಪುಗಳು ದೊಡ್ಡ ಊರುಗಳಲ್ಲಿ ಹುಟ್ಟಿಕೊಂಡಿವೆಯಷ್ಟೆ. ಈ ತರುಣರು ನಾಯಿಯನ್ನು ಕೊಡುವ ಮೊದಲು ಬೇಡಿದವರ ಮನೆಗೆ ಒಮ್ಮೆ ಬಂದು ನೋಡಿ ಹೋಗುತ್ತಾರೆ. ಸಿಟ್ಟು ಈ ನೋಡುವಿಕೆಯ ಮೇಲೆ. "ಏನ್ರೀ ಸರ, ಹಾದಿ ಮ್ಯಾಲಿನ ನಾಯಿ ಕೊಡಾಕ ನಮ್ಮ ಮನಿ ತಪಾಸ ಮಾಡ್ತಾರಂತ! ನಾವೇನ್ ಕಳ್ಳರೇನ್ರಿ?" ಎಂದು ಗೋಕಾಕ ಫಾಲ್ಸಿನ ಪರಿಚಿತರೊಬ್ಬರು ನನ್ನನ್ನು ಕೇಳಿದರು. ಸಜ್ಜನರು, ಕಳ್ಳರಂತೂ ಅಲ್ಲ. ಆದರೆ ಅವರ ಪ್ರಶ್ನೆ ಸರಿಯಾದುದಲ್ಲ. ಅದು ಅವರೊಬ್ಬರ ಪ್ರಶ್ನೆಯಾಗಿ ಉಳಿಯದೆ ಹತ್ತು ಜನರ ಬಾಯಲ್ಲಿ ಸುತ್ತುತ್ತಿರುವುದರಿಂದ ಉತ್ತರವನ್ನು ಬಹಿರಂಗವಾಗಿಯೇ ಕೊಡುವುದು ಲೇಸು.

ಮೊದಲನೆಯ ಮಾತು. ಮನೆ ನೋಡಲಿಕ್ಕೆ ಬರುವುದು ನಮಗೆ ಹೊಸತೇ? ಹೆಣ್ಣು ಕೊಡುವ ಮೊದಲು ಹೆಣ್ಣಿನ ಕಡೆಯ ಹಿರಿಯರು ನಾಲ್ಕು ಜನ ಕೂಡಿ ಗಂಡಿನ ಮನೆಗೆ ಹೋಗಿ ಮನೆತನ ನೋಡಿ ಬರುತ್ತಾರೆ. ಬಾವಿ ನೋಡುತ್ತಾರೆ, ಹಿತ್ತಿಲು ನೋಡುತ್ತಾರೆ. ಅತ್ತೆಯಾಗುವವಳು ಸೊಸೆಯಂದಿರೊಡನೆ ಹೇಗೆ ಮಾತನಾಡುತ್ತಾಳೆಂಬುದನ್ನು ಕಿವಿಗೊಟ್ಟು ಕೇಳುತ್ತಾರೆ. ಅದನ್ನು ನಾವು ಅವಮಾನವೆಂದು ತಿಳಿಯುವುದಿಲ್ಲ. ಅವಲಕ್ಕಿ ಚಹಾ ಕೊಟ್ಟು ಮರ್ಯಾದೆ ಮಾಡುತ್ತೇವೆ. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂಬ ಗಾದೆ ಕಟುವಾದದ್ದಾದರೂ ಅದರೊಳಗೆ ಒಂದು ಎಚ್ಚರವಿದೆ. ಕೊಟ್ಟ ಮೇಲೆ ಕೇಳುವುದು ಕಷ್ಟ. ಆದ ಕಾರಣ ಕೊಡುವ ಮೊದಲೇ ನೋಡಬೇಕು. ಪಾಸ್‌ಪೋರ್ಟಿಗಾಗಿ ಪೋಲೀಸರು ವಿಚಾರಣೆ ಮಾಡಿದರೆ ಸಹಿಸುತ್ತೇವೆ. ಸಾಲಕ್ಕಾಗಿ ಬ್ಯಾಂಕಿನವರು ಗೋಡೆ ತಟ್ಟಿ ನೋಡಿದರೆ ನಗುನಗುತ್ತ ನಿಲ್ಲುತ್ತೇವೆ. ಕೂಸನ್ನು ದತ್ತು ತೆಗೆದುಕೊಳ್ಳುವವರ ಮನೆಗೆ ಸಮಾಜ ಕಾರ್ಯಕರ್ತರು ಬಂದು ನೋಡಿ ವರದಿ ಬರೆಯಬೇಕೆಂದು ಸರಕಾರದ ನಿಯಮವೇ ಇದೆ. ಕೂಸೂ ನಾಯಿಯೂ ಒಂದೇ ಎಂದು ನಾನು ಹೇಳುತ್ತಿಲ್ಲ. ತನ್ನ ಸಂಕಟವನ್ನು ಬಾಯಿಬಿಟ್ಟು ಹೇಳಲಾರದ ಜೀವವನ್ನು ಇನ್ನೊಬ್ಬರ ಕೈಗೆ ಒಪ್ಪಿಸುವಾಗ ಅದರ ಪರವಾಗಿ ಯಾರಾದರೂ ಒಬ್ಬರು ಮುಂಚಿತವಾಗಿ ನೋಡಬೇಕೆಂಬ ತತ್ತ್ವ ಎರಡು ಕಡೆಗೂ ಒಂದೇ ಎಂದಷ್ಟೇ ಹೇಳುತ್ತೇನೆ.

ನಾಯಿಯ ವಿಷಯದಲ್ಲಿ ಕನ್ನಡಿಗರು ಹಗುರಾಗಿ ನಡೆದುಕೊಂಡವರೂ ಅಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಿಲಾಶಾಸನವನ್ನು ಕನ್ನಡ ಎಂ.ಎ. ತರಗತಿಯಲ್ಲಿ ಕುಳಿತವರೆಲ್ಲ ಬಲ್ಲರು. ಸುಮಾರು 950ರ ಮಾತು. ಚೋಳರೊಡನೆ ನಡೆದ ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಬೇಕಾದುದನ್ನು ಬೇಡೆಂದನು. ಆತ ಬೇಡಿದ್ದು ಊರಲ್ಲ, ಹೊನ್ನಲ್ಲ; 'ಕಾಳಿ' ಎಂಬ ಹೆಸರಿನ ನಾಯಿಯನ್ನು. ಆ ಕಾಳಿ ಮುಂದೆ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನೆಟ್ಟರು, ಆ ಕಲ್ಲಿಗೆ ಭೂಮಿ ಬಿಟ್ಟರು; ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪ ತಟ್ಟುವುದೆಂದು ಬರೆಸಿದರು. ಸತ್ತ ನಾಯಿಯ ಹೊಣೆಯನ್ನು ಇನ್ನೊಬ್ಬನಿಗೆ ಒಪ್ಪಿಸುವಾಗಲೂ ನಮ್ಮ ಹಿರಿಯರು ಕರಾರನ್ನು ಕಲ್ಲಿನಲ್ಲಿ ಕೊರೆಸಿದರು. ಬದುಕಿರುವ ನಾಯಿಯನ್ನು ಒಪ್ಪಿಸುವಾಗ ನಾಲ್ಕು ಪ್ರಶ್ನೆ ಕೇಳಿದರೆ ನಮಗೇಕೆ ಮುನಿಸು?

ಕೊಟ್ಟ ಮೇಲೆ ತಪ್ಪಿ ನಡೆದರೆ ಕಾನೂನು ಇದೆಯಲ್ಲ ಎನ್ನುವವರೂ ಉಂಟು. ಇದೆ. 1960ರ ಪ್ರಾಣಿಹಿಂಸಾ ಪ್ರತಿಬಂಧಕ ಕಾಯಿದೆಯ 11ನೆಯ ಕಲಮನ್ನು ಅವರು ಓದಲಿ. ಅತಿ ಗಿಡ್ಡ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟಿಹಾಕುವುದು ಅಪರಾಧ. ಸದಾ ಕಟ್ಟಿಟ್ಟ ನಾಯಿಯನ್ನು ಅಡ್ಡಾಡಿಸದಿರುವುದು ಅಪರಾಧ. ಅನ್ನ ನೀರು ನೆರಳು ಕೊಡದಿರುವುದು, ತಂದು ಸಾಕಿ ಕೈಬಿಡುವುದು ಎಲ್ಲವೂ ಅಪರಾಧವೇ. ಮಾತುಗಳು ಅಚ್ಚುಕಟ್ಟಾಗಿವೆ. ಆದರೆ ಮೊದಲ ತಪ್ಪಿಗೆ ಅಲ್ಲಿ ಬರೆದಿಟ್ಟ ದಂಡ 10 ರೂಪಾಯಿಗೆ ಕಡಿಮೆಯಿಲ್ಲದಂತೆ 50 ರೂಪಾಯಿಯವರೆಗೆ! ಇಂದು ಆ ಹಣಕ್ಕೆ ಒಂದು ಒಳ್ಳೆಯ ಸರಪಳಿಯೂ ಸಿಗದು. ನಡೆದ ಮೇಲೆ ಶಿಕ್ಷಿಸುವ ಕೈ ಇಷ್ಟು ಬಡವಾಗಿರುವಾಗ, ನಡೆಯುವ ಮೊದಲು ನೋಡುವ ಕಣ್ಣೊಂದೇ ಆ ಪ್ರಾಣಿಗೆ ಇರುವ ರಕ್ಷಣೆ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು ಬೀದಿನಾಯಿಗಳ ಪ್ರಕರಣದಲ್ಲಿ ಕೊಟ್ಟ ಆಜ್ಞೆಯಲ್ಲಿಯೂ ಇದೇ ನೀತಿ ಇದೆ. ಪ್ರಾಣಿಪ್ರಿಯರು ಬೀದಿನಾಯಿಯನ್ನು ದತ್ತು ಪಡೆಯಲು ಪೌರಸಂಸ್ಥೆಗೆ ಅರ್ಜಿ ಕೊಡಬಹುದು. ಆದರೆ ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಅರ್ಜಿದಾರನದು. ಹೊಣೆ ಹೊರುವವನ ಹೆಗಲು ಎಂಥದೆಂದು ನೋಡದೆ ಹೊರೆ ಹೊರಿಸುವುದು ಯಾವ ನ್ಯಾಯ?

"ಮಂದಿಗೇ ಕೂಳಿಲ್ಲದಾಗ ನಾಯಿಗೆ ಇಷ್ಟು ಉಪಚಾರವೇ?" ಎಂಬುದು ಇನ್ನೊಂದು ಆಕ್ಷೇಪ. ಕೇಳಲಿಕ್ಕೆ ಇದು ಬಡವರ ಪರವಾದ ಮಾತಿನಂತಿದೆ. ವಾಸ್ತವದಲ್ಲಿ ಬಡವರ ವಿರುದ್ಧವಾದದ್ದು. ಬಂಗಲೆಯವರು ಮರಿಯಿದ್ದಾಗ ಮುದ್ದಾಡಿ, ಬೆಳೆದ ಮೇಲೆ ಬೇಸತ್ತು ಬಿಟ್ಟುಬಿಟ್ಟ ನಾಯಿ ಎಲ್ಲಿಗೆ ಹೋಗುತ್ತದೆ? ಕೂಲಿಯವರ ಓಣಿಗೆ. ಯಾರನ್ನು ಕಚ್ಚುತ್ತದೆ? ಬರಿಗಾಲಿನಲ್ಲಿ ಶಾಲೆಗೆ ಹೋಗುವ ಹುಡುಗನನ್ನು. ಹುಚ್ಚುನಾಯಿ ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯುವುದಿಲ್ಲವೆಂದೇ ತಿಳಿಯಬೇಕು. ಪಾಶ್ಚರ್ 1885ರಲ್ಲಿಯೇ ಲಸಿಕೆಯನ್ನು ಕೊಟ್ಟು ಹೋಗಿದ್ದರೂ ಅದು ವೇಳೆಗೆ ಸಿಕ್ಕಿದರೆ ಮಾತ್ರ ಉಪಯೋಗ. ಸರಿಯಾದ ಮನೆ ಸೇರಿ, ವರ್ಷವರ್ಷ ಲಸಿಕೆ ಪಡೆಯುವ ಒಂದೊಂದು ನಾಯಿಯೂ ಆ ಓಣಿಯ ಭಯವನ್ನು ಅಷ್ಟರಮಟ್ಟಿಗೆ ಕಡಿಮೆ ಮಾಡುತ್ತದೆ.

ಇನ್ನು ಸಿದ್ಧತೆಯ ವಿಷಯ. ಮನೆ ನೋಡುವವರು ಬರುತ್ತಾರೆಂದರೆ ನಮ್ಮವರು ಮಾಡುವ ಸಿದ್ಧತೆ ಶಾಲಾ ತಪಾಸಣೆಯ ಮುನ್ನಾದಿನದ ಸಿದ್ಧತೆಯಂತೆಯೇ. ಅಂಗಳ ಸಾರಿಸುತ್ತಾರೆ, ಸೋಫಾದ ಹೊದಿಕೆ ಬದಲಿಸುತ್ತಾರೆ, ಹಳೆಯ ನಾಯಿಯ ಸರಪಳಿಯನ್ನು ಅಟ್ಟದ ಮೇಲೆ ಅಡಗಿಸುತ್ತಾರೆ. ಇದು ಸಿದ್ಧತೆಯಲ್ಲ, ವೇಷ. ನಿಜವಾದ ಸಿದ್ಧತೆ ಬೇರೆ. ಗೇಟಿನ ಕೆಳಗೆ ಎಷ್ಟು ಸಂದು ಇದೆ? ಹೊಸದಾಗಿ ಬಂದ ನಾಯಿ ಮೊದಲ ದಿನಗಳಲ್ಲಿ ಬೆದರಿ ಓಡುವುದೇ ಹೆಚ್ಚು. ಮಾಳಿಗೆಗೆ ಕಟ್ಟೆ ಇದೆಯೆ? ಇಲಿಪಾಷಾಣ ಎಲ್ಲಿಟ್ಟಿದ್ದೀರಿ? ಉಳ್ಳಾಗಡ್ಡಿ, ದ್ರಾಕ್ಷಿ ನಾಯಿಗೆ ವಿಷವೆಂಬುದು ಮನೆಯ ಮಕ್ಕಳಿಗೆ ಗೊತ್ತೆ? ಗೋಕಾಕದ ಮನೆಗಳಲ್ಲಿ ಪ್ರೀತಿ ಉಕ್ಕಿದಾಗ ಕೈಗೆ ಬರುವುದು ಕರದಂಟು. ಒಣದ್ರಾಕ್ಷಿ ಬಿದ್ದ ಕರದಂಟಿನ ತುಂಡು ಮನುಷ್ಯನಿಗೆ ಪುಷ್ಟಿಯಾದರೆ ನಾಯಿಯ ಮೂತ್ರಪಿಂಡಕ್ಕೆ ಕೇಡು. ದೀಪಾವಳಿಯ ಪಟಾಕಿಯ ರಾತ್ರಿ ಅದನ್ನು ಯಾವ ಕೋಣೆಯಲ್ಲಿ ಇರಿಸುತ್ತೀರಿ? ಯಾತ್ರೆಗೆ ಹೊರಟರೆ ಯಾರಿಗೆ ಒಪ್ಪಿಸುತ್ತೀರಿ?

ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆಯನ್ನು ಯಜಮಾನರಿಗಲ್ಲ, ಅಡಿಗೆಮನೆಯಲ್ಲಿ ಇರುವವರಿಗೆ ಕೇಳಬೇಕು. "ನಾವು ಸಾಕತೇವ್ರಿ" ಎಂದು ಯಜಮಾನರು ಎದೆಯುಬ್ಬಿಸಿ ಹೇಳುತ್ತಾರೆ. ಆ 'ನಾವು' ಎಂಬುದರ ಅರ್ಥವೇನು? ಬೆಳಗಿನ ಐದು ಗಂಟೆಗೆ ಎದ್ದು ಹೊರಗೆ ಕರೆದೊಯ್ಯುವವರು ಯಾರು? ಹೊಲಸು ಬಳಿಯುವವರು ಯಾರು? ನೂರಕ್ಕೆ ತೊಂಬತ್ತು ಮನೆಗಳಲ್ಲಿ ಆ ಕೆಲಸ ಹೆಂಡತಿಯ ಇಲ್ಲವೆ ಮುದುಕಿ ತಾಯಿಯ ಪಾಲಿಗೆ ಬರುತ್ತದೆ; ಅವರನ್ನು ಕೇಳಿದವರಿಲ್ಲ. ತತ್ತಿ ಒಳಗೆ ಬಾರದ ಮನೆಯಾದರೆ ನಾಯಿಗೆ ಏನು ಹಾಕುವುದು, ಬೇಯಿಸುವುದೆಲ್ಲಿ ಎಂಬುದನ್ನು ಅತ್ತೆ ಸೊಸೆಯರು ಮೊದಲೇ ಕುಳಿತು ತೀರ್ಮಾನಿಸಬೇಕು. ತೀರ್ಮಾನವಾಗದ ಮನೆಗೆ ಬಂದ ನಾಯಿ ತಿಂಗಳೊಳಗೆ ಜಗಳಕ್ಕೆ ಕಾರಣವಾಗಿ, ಎರಡನೆಯ ತಿಂಗಳಿಗೆ ಬೀದಿಗೆ ಬೀಳುತ್ತದೆ.

ನಮ್ಮ ಸೀಮೆಗೆ ಇನ್ನೊಂದು ವಿಶೇಷ ಪ್ರಶ್ನೆ ಇದೆ. ಹೊಳೆ ಬಂದರೆ ನಾಯಿ ಎಲ್ಲಿ? 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕ ಪಟ್ಟಣದೊಳಕ್ಕೆ ನುಗ್ಗಿದ್ದನ್ನು ಮರೆತವರಿಲ್ಲ. ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟವರನ್ನು ನಾನು ದೂರುವುದಿಲ್ಲ. ಆದರೆ ಬಿಚ್ಚಿಬಿಟ್ಟ ನಾಯಿ ಈಜಿಯಾದರೂ ಬದುಕೀತು, ಕಟ್ಟಿದ ನಾಯಿಗೆ ಆ ದಾರಿಯೂ ಇಲ್ಲ. ಹೊಳೆದಂಡೆಯ ಮನೆಯವರು ಈ ಪ್ರಶ್ನೆಗೆ ಉತ್ತರ ಸಿದ್ಧಮಾಡಿಕೊಳ್ಳದೆ ನಾಯಿಯನ್ನು ಬೇಡಬಾರದು.

ಹೀಗೆಂದ ಮಾತ್ರಕ್ಕೆ ನೋಡಲು ಬರುವವರೆಲ್ಲ ಸರಿಯೆಂದು ಅರ್ಥವಲ್ಲ. ಅವರಿಗೂ ಎರಡು ಮಾತು ಹೇಳಬೇಕಾಗಿದೆ. ಸ್ವಂತ ಮನೆಯೋ ಬಾಡಿಗೆಯದೋ, ಸಂಬಳ ಎಷ್ಟು, ಕೋಣೆಗಳೆಷ್ಟು ಎಂದು ಕೇಳುವುದರಲ್ಲಿಯೇ ಕೆಲವರ ತಪಾಸಣೆ ಮುಗಿಯುತ್ತದೆ. ಮನೆಯೊಡೆಯನ ಒಪ್ಪಿಗೆ ಇದೆಯೇ ಎಂದು ಕೇಳಲಿ, ಅದು ಯೋಗ್ಯ. ಆದರೆ ಕೋಣೆಗಳನ್ನು ಎಣಿಸಿ ಪ್ರೀತಿಯನ್ನು ಅಳೆಯುವುದು ಯೋಗ್ಯವಲ್ಲ. ಫಾಲ್ಸಿನ ಗಿರಣಿ ಚಾಳಿನ ಎರಡು ಕೋಣೆಯ ಮನೆಯಲ್ಲಿ, ಒಬ್ಬರು ಪಾಳಿಗೆ ಹೋದರೆ ಇನ್ನೊಬ್ಬರು ಮನೆಯಲ್ಲಿರುವಲ್ಲಿ, ನಾಯಿ ಒಂಟಿಯಾಗಿರುವ ಹೊತ್ತೇ ಇರುವುದಿಲ್ಲ. ಹತ್ತು ಕೋಣೆಯ ಬಂಗಲೆಯಲ್ಲಿ ಅದು ದಿನವೆಲ್ಲ ಗೇಟಿಗೆ ಮುಖ ಮಾಡಿ ಕುಳಿತಿರುತ್ತದೆ. ನೋಡಬೇಕಾದದ್ದು ಮನೆಯನ್ನಲ್ಲ, ಮನೆಯವರ ದಿನಚರಿಯನ್ನು. ಹೀಗೆ ಮನೆ ನೋಡುವ ಒಂದು ಗುಂಪಿನ ಕರಾರುಪತ್ರವನ್ನು ನಾನು ಕಂಡೆ. ಮೊದಲಿನಿಂದ ಕೊನೆಯವರೆಗೆ ಇಂಗ್ಲಿಷು! 1982ರಲ್ಲಿ ಯಾವ ಹೆಸರಿನ ವರದಿಗಾಗಿ ನಾಡು ಬೀದಿಗಿಳಿದಿತ್ತೋ, ಆ ಹೆಸರಿನ ಊರಿಗೇ ಇಂಗ್ಲಿಷಿನ ಕರಾರು. ಓದಲಾರದ ಕಾಗದದ ಮೇಲೆ ರುಜು ಹಾಕಿದ ತಾಯಿ ಯಾವ ವಚನ ಕೊಟ್ಟಂತಾಯಿತು? ಹೊಣೆಯನ್ನು ತಿಳಿಸುವುದೇ ತಪಾಸಣೆಯ ಉದ್ದೇಶವಾದರೆ ಅದನ್ನು ತಿಳಿಯುವ ಭಾಷೆಯಲ್ಲಿ ತಿಳಿಸಬೇಕು.

ಹಣ ಕೊಟ್ಟು ಕೊಳ್ಳುವವರನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲವೆಂಬುದು ಇನ್ನೊಂದು ಸೋಜಿಗ. ನಮ್ಮ ನೆರೆಯ ಮುಧೋಳದ ಬೇಟೆನಾಯಿ 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು. 2020ರಲ್ಲಿ ಪ್ರಧಾನಮಂತ್ರಿಗಳ ಆಕಾಶವಾಣಿ ಭಾಷಣದಲ್ಲಿಯೂ ಬಂತು. ಬಯಲಿನಲ್ಲಿ ಬಾಣದಂತೆ ಓಡಲೆಂದು ಬೆಳೆದ ತಳಿಯದು. ಅದನ್ನು ಸಾವಿರಾರು ರೂಪಾಯಿ ಎಣಿಸಿ ಕೊಂಡು ಮೂರನೆಯ ಅಂತಸ್ತಿನ ಮೊಗಸಾಲೆಯಲ್ಲಿ ಕಟ್ಟುವವನಿಗೆ ತಪಾಸಣೆಯಿಲ್ಲ. ಕುಂಟುನಾಯಿಯನ್ನು ಪುಕ್ಕಟೆ ಬೇಡುವವನಿಗೆ ತಪಾಸಣೆ! ಇದು ಅನ್ಯಾಯವೇ ಸರಿ. ಆದರೆ ಪರಿಹಾರವೇನು? ಬೇಡುವವನನ್ನು ಕೇಳದೆ ಬಿಡುವುದಲ್ಲ, ಕೊಳ್ಳುವವನನ್ನೂ ಕೇಳುವುದು.

ಮಳೆಗಾಲದಲ್ಲಿ 52 ಮೀಟರು ಎತ್ತರದಿಂದ ಧಬಧಬೆ ತುಂಬಿ ಬೀಳುವಾಗ ಫಾಲ್ಸಿಗೆ ಜನ ಜಾತ್ರೆಯಂತೆ ಸೇರುತ್ತದೆ. ತೂಗುಸೇತುವೆಯ ಹತ್ತಿರದ ನಾಯಿಗಳಿಗೆ ಬಿಸ್ಕೀಟು ಹಾಕಿ ಫೋಟೋ ತೆಗೆಸಿಕೊಳ್ಳುವವರಿಗೆ ಲೆಕ್ಕವಿಲ್ಲ. ಬೇಸಗೆಯಲ್ಲಿ ಬಂಡೆಗಳಷ್ಟೇ ಉಳಿದಾಗ ಆ ಜನ ಇರುವುದಿಲ್ಲ, ನಾಯಿಗಳಿರುತ್ತವೆ. ಮನೆ ನೋಡಲು ಬರುವ ಹುಡುಗ ಹುಡುಗಿಯರು ನಮ್ಮನ್ನು ಕೇಳುವುದು ಇಷ್ಟನ್ನೇ: ನಿಮ್ಮದು ಮಳೆಗಾಲದ ಪ್ರೀತಿಯೋ, ಹನ್ನೆರಡು ತಿಂಗಳದ್ದೋ? ಹನ್ನೆರಡು ತಿಂಗಳದ್ದಾದವರಿಗೆ ಬಾಗಿಲು ತೆರೆಯಲು ಸಂಕೋಚವೇಕೆ? ಮಳೆಗಾಲದ್ದಾದವರು ಸಿಟ್ಟಿಗೆದ್ದು ಬಾಗಿಲು ಹಾಕಿಕೊಂಡರೆ ಅದೂ ಒಳಿತೇ; ಒಂದು ನಾಯಿ ಉಳಿಯಿತು.