ಗೂಡಿಗೆ ಕಾವಲು, ಕೆರೆಗೆ ವಿಷ

ದಾಸೋಹವೆಂದರೆ ಎಲೆ ಹಾಕಿ ಅನ್ನ ಬಡಿಸುವುದಷ್ಟೇ ಅಲ್ಲ. ತನಗೆ ನಷ್ಟವಾದರೂ ಆಶ್ರಯ ಬೇಡಿ ಬಂದ ಜೀವವನ್ನು ಹೊರಗಟ್ಟದಿರುವುದೂ ದಾಸೋಹವೇ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನ ಜನರು ಇದನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದಾರೆ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟಿದ ಹುಣಸೆ ಮರದ ಫಸಲಿನ ನಷ್ಟವನ್ನು ಅವರು ಸಹಿಸಿದರು. ಹಕ್ಕಿಗಳ ಹಿಕ್ಕೆ ಅವರ ಹೊಲಕ್ಕೆ ಗೊಬ್ಬರವಾಯಿತು. 2007ರಲ್ಲಿ ಸರ್ಕಾರ ಈ ಸ್ಥಳವನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ಆದರೆ ಆ ಮೀಸಲಿನ ಗೆರೆ ಕಾಯುವುದು ಗೂಡನ್ನು ಮಾತ್ರ. ಹಕ್ಕಿಯ ಊಟ ಇರುವುದು ಗೆರೆಯಾಚೆಯ ಕೆರೆಗಳಲ್ಲಿ, ಶಿಂಷಾ ನದಿಯಲ್ಲಿ. 2017ರ ಕೊನೆಯಿಂದ 2018ರವರೆಗೆ ಅಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತವು. ಅವುಗಳ ಹೊಟ್ಟೆಯಲ್ಲಿ ದುಂಡುಹುಳುಗಳು ಕಂಡುಬಂದವು. ಅಂಥ ಹುಳುಗಳು ಮೀನಿನ ಮೂಲಕ ಹಕ್ಕಿಯ ಒಡಲು ಸೇರುತ್ತವೆ. ಕೆರೆಯಲ್ಲಿರುವುದು ಗೂಡಿಗೆ ಬಂದೇ ತೀರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಮಂಡ್ಯ ಕಬ್ಬಿನ ನಾಡು. ಕಾಕಂಬಿಯಿಂದ ಮದ್ಯಸಾರ ತೆಗೆದ ಮೇಲೆ ಉಳಿಯುವ ಕಂದು ನೀರನ್ನೇ ನೋಡೋಣ. ಅದರ ಒಂದು ಲೀಟರು ಕೊಳೆಯುವಾಗ ಸಾಮಾನ್ಯವಾಗಿ 40,000 ಮಿಲಿಗ್ರಾಂಗೂ ಮಿಗಿಲಾದ ಆಮ್ಲಜನಕವನ್ನು ಹೀರುತ್ತದೆ. ನದಿಗೆ ಬಿಡುವ ತ್ಯಾಜ್ಯ ನೀರಿಗೆ ಸಾಮಾನ್ಯ ಮಿತಿ 30 ಮಿಲಿಗ್ರಾಂ. ಇಂಥ ನೀರು ಹಳ್ಳಕ್ಕೆ ಸೇರಿದರೆ ಮೀನು ಉಸಿರುಕಟ್ಟಿ ಸಾಯುತ್ತದೆ. ಶಿಂಷೆ ಮದ್ದೂರಿನಲ್ಲಿ ನಿಲ್ಲುವವಳಲ್ಲ. ಮಳವಳ್ಳಿ ತಾಲ್ಲೂಕನ್ನು ಹಾದು ಕಾವೇರಿಯನ್ನು ಕೂಡುತ್ತಾಳೆ. ಅಲ್ಲಿ ಮುತ್ತತ್ತಿಯ ಕಾವೇರಿ ವನ್ಯಧಾಮವಿದೆ. ಮೇಲೆ ಸುರಿದವನ ಪಾಪವನ್ನು ಕೆಳಗಿನ ಕಾಡು ಉಣ್ಣಬೇಕಾಗುತ್ತದೆ.

ಕಾನೂನು ಇಲ್ಲವೆಂದಲ್ಲ. 1974ರ ಜಲ ಕಾಯಿದೆ ಇದೆ. 2016ರ ನಿಯಮಗಳಂತೆ ಅಪಾಯಕಾರಿ ತ್ಯಾಜ್ಯ ಸಾಗಿಸಲು ಏಳು ಪ್ರತಿಗಳ ರವಾನೆ ಪತ್ರ ಬೇಕು. ಎಲ್ಲಿಂದ ಹೊರಟಿತು, ಎಲ್ಲಿಗೆ ತಲುಪಿತು ಎಂಬುದು ಅದರಲ್ಲಿರಬೇಕು. ಕತ್ತಲಲ್ಲಿ ಕೆರೆಯಂಗಳಕ್ಕೆ ಬರುವ ಟ್ಯಾಂಕರಿನವನನ್ನು ಆ ಪತ್ರ ಕೇಳುವವರಾರು? ಬಾಡಿಗೆಯ ಆಸೆಗೆ ತನ್ನ ಜಮೀನಿನಲ್ಲಿ ತ್ಯಾಜ್ಯ ಸುರಿಯಲು ಬಿಡುವವನು ತನ್ನ ಬಾವಿಗೂ ವಿಷವಿಕ್ಕಿಕೊಂಡಂತೆ.

ಆದುದರಿಂದ ನಾವು ಕೇಳುವುದಿಷ್ಟು. ಹಕ್ಕಿ ಮೇಯುವ ಕೆರೆಗಳೂ ಮೀಸಲಿನ ಕಾವಲಿಗೆ ಸೇರಲಿ. ಮಾಲಿನ್ಯ ನಿಯಂತ್ರಣ ಮಂಡಳಿ ಆ ಕೆರೆಗಳ ನೀರನ್ನು ತಪ್ಪದೆ ಪರೀಕ್ಷಿಸಿ, ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಹಲಗೆಯ ಮೇಲೆ ಕನ್ನಡದಲ್ಲಿ ಬರೆಯಿಸಲಿ. ಕೈಗಾರಿಕೆಯೂ ಕಾಯಕವೇ, ನಿಜ; ಆದರೆ ತನ್ನ ಕೊಳೆಯನ್ನು ಮತ್ತೊಬ್ಬರ ಎಲೆಗೆ ಬಡಿಸುವುದು ಕಾಯಕವಾಗದು. ಬಡ ರೈತನೊಬ್ಬ ಹುಣಸೆಯ ಫಸಲನ್ನೇ ಬಿಟ್ಟುಕೊಟ್ಟಿರುವಾಗ, ತ್ಯಾಜ್ಯ ಶುದ್ಧೀಕರಣದ ಖರ್ಚು ಹೆಚ್ಚೆನ್ನಲು ಉಳ್ಳವರಿಗೆ ಬಾಯಿ ಎಲ್ಲಿದೆ?